ಅಮ್ಮಿಯ ಮನೆಯ ತೊಲೆ

ಮೇಡ್ಲೇರಿಯ ನಮ್ಮ ತವರುಮನೆಯ ಪಡಸಾಲೆಯಲ್ಲಿ ಅಮ್ಮಿ ನಮಾಝಿಗೆಂದು ಜಾನಮಾಝ್ ಹಾಸುವ ಮೂಲೆಯೊಂದಿದೆ. 2022ರ ಬೇಸಿಗೆಯಲ್ಲಿ ಮಕ್ಕಳನ್ನು ಕರೆದುಕೊಂಡು ಹೋದಾಗ ಅದು ಆ ಮೂಲೆಯಲ್ಲಿರಲಿಲ್ಲ, ಎರಡು ಮೊಳ ಈಚೆಗೆ ಬಂದಿತ್ತು. ಯಾಕೆಂದು ಕೇಳಿದರೆ, "ಮೇಲಿಂದ ಮಣ್ಣು ಉದರತೈತಿ" ಎಂದು ಸುಮ್ಮನಾದರು. ಮಣ್ಣಿನ ಮಾಳಿಗೆ ಎಂದ ಮೇಲೆ ಮಣ್ಣು ಉದುರುವುದು ಹೊಸದಲ್ಲ. ಹುಟ್ಟಿದಾಗಿನಿಂದ ಕಂಡದ್ದೇ. ಆದರೆ ಅಂದು ಕಸಬರಿಗೆಯಲ್ಲಿ ಗುಡಿಸಿ ತೆಗೆದ ಮಣ್ಣಿನಲ್ಲಿ ಕಟ್ಟಿಗೆಯ ಹೊಟ್ಟು ಕಂಡಿತು. ತಲೆ ಎತ್ತಿ ನೋಡಿದೆ. ಗೋಡೆಯೊಳಗೆ ತೊಲೆ ಹೊಕ್ಕ ಕಡೆ ಬಣ್ಣ ಕಪ್ಪಾಗಿತ್ತು, ಅದರ ಬದಿಗೆ ಮಣ್ಣಿನ ಗೆರೆಯೊಂದು ಹಾವಿನಂತೆ ಹರಿದಿತ್ತು.

ನಮ್ಮ ಹಾವೇರಿ ಸೀಮೆಯ ಹಳೆಯ ಮನೆಗಳನ್ನು ಕಂಡವರಿಗೆ ಈ ಮಾಳಿಗೆಯ ಪರಿಚಯವಿರುತ್ತದೆ. ಗೋಡೆಯಿಂದ ಗೋಡೆಗೆ ದಪ್ಪನೆಯ ತೊಲೆ. ತೊಲೆಯ ಮೇಲೆ ಅಡ್ಡಡ್ಡ ಜಂತಿಗಳು. ಜಂತಿಯ ಮೇಲೆ ಸಣ್ಣ ಕಟ್ಟಿಗೆಯ ಸೀಳು, ಅದರ ಮೇಲೆ ಸೊಪ್ಪು, ಎಲ್ಲದರ ಮೇಲೆ ಮಣ್ಣು. ಕೊನೆಗೆ ನೀರು ಇಳಿಯದಂತೆ ಕರಲು ಮಣ್ಣು. ಬೇಸಿಗೆಯಲ್ಲಿ ಕೆಳಗೆ ತಂಪು, ಮೇಲೆ ಮೆಣಸಿನಕಾಯಿ ಒಣಗಿಸಲು ಜಾಗ. ಮಳೆಗಾಲಕ್ಕೆ ಮೊದಲು ಪ್ರತಿ ವರ್ಷ ಹೊಸ ಕರಲು ಹಾಕಬೇಕು. ಅಬ್ಬಾ ಇದ್ದಾಗ ತಪ್ಪದೆ ಮಾಡಿಸುತ್ತಿದ್ದರು. ಅವರು ತೀರಿಕೊಂಡ ಮೇಲೆ ಅಮ್ಮಿಯೂ ಒಂದೆರಡು ವರ್ಷ ಮಾಡಿಸಿದರು, ಆಮೇಲೆ ಆಳು ಸಿಗಲಿಲ್ಲ. ಮಾಳಿಗೆಯ ನೀರು ಹೊರಗೆ ಬೀಳುವ ಕೊಳವೆ ಕಟ್ಟಿಕೊಂಡು, ನೀರು ಗೋಡೆಯೊಳಗೆ ಇಳಿಯತೊಡಗಿದ್ದು ಯಾರ ಕಣ್ಣಿಗೂ ಬಿದ್ದಿರಲಿಲ್ಲ.

ದಮಾಮಿನಲ್ಲಿರುವ ನನ್ನ ಅಣ್ಣನಿಗೆ ಫೋನು ಮಾಡಿದೆ. ಅವನದು ಒಂದೇ ಮಾತು: "ಪೂರಾ ಕೆಡವಿ ಆರ್‌ಸಿಸಿ ಹಾಕಿಸಿಬಿಡೋಣ." ಗುತ್ತಿಗೆದಾರರೊಬ್ಬರು ಬಂದು ನೋಡಿ ಹೇಳಿದ ಮೊತ್ತ ಕೇಳಿ ಅವನೇ ಎರಡು ದಿನ ಫೋನು ಮಾಡಲಿಲ್ಲ. ಅಮ್ಮಿಯಂತೂ, "ನಾನಿರೋತನಕ ಈ ಮನಿ ಹಿಂಗೇ ಇರ್ಲಿ" ಎಂದು ಕೂತರು. ಮಿರಗದ ಮಳೆಗೆ ಇನ್ನು ಮೂರು ವಾರವಿತ್ತು. ಅವರನ್ನು ಆ ತೊಲೆಯ ಕೆಳಗೆ ಬಿಟ್ಟು ನಾನು ದಾವಣಗೆರೆಗೆ ಹೊರಡುವುದಾದರೂ ಹೇಗೆ?

ಈ ಭಯ ಸುಮ್ಮನೆ ಬಂದದ್ದಲ್ಲ. 2019ರ ಆಗಸ್ಟ್ ಮಳೆಗೆ ನಮ್ಮ ಹಾವೇರಿ ಜಿಲ್ಲೆಯಲ್ಲಿ ಸಾವಿರಾರು ಮನೆಗಳು ಬಿದ್ದದ್ದನ್ನು ನೋಡಿದ್ದೆವು. ಆಮೇಲೆ 2024ರ ಜುಲೈನಲ್ಲಿ ಸವಣೂರು ತಾಲ್ಲೂಕಿನ ಮಾದಾಪುರದಲ್ಲಿ ರಾತ್ರಿ ಮನೆ ಕುಸಿದು ಒಂದೇ ಕುಟುಂಬದ ಮೂವರು ತೀರಿಕೊಂಡರು. ಮಣ್ಣಿನ ಮಾಳಿಗೆಯ ಭಾರ ಎಷ್ಟೆಂದು ನಮ್ಮಲ್ಲಿ ಹೆಚ್ಚಿನವರು ಲೆಕ್ಕ ಹಾಕಿರುವುದಿಲ್ಲ. ಆರೇಳು ಇಂಚು ದಪ್ಪದ ಮಣ್ಣೆಂದರೆ ಒಂದು ಚದರಡಿಗೆ ಹೆಚ್ಚುಕಡಿಮೆ 27 ಕಿಲೋ. ನಮ್ಮ ಪಡಸಾಲೆ 15 ಅಡಿಗೆ 12 ಅಡಿ, ಅಂದರೆ 180 ಚದರಡಿ. ಒಟ್ಟು ಸುಮಾರು 5 ಟನ್. ಅದರಲ್ಲಿ ಅರ್ಧ ಅತ್ತಿತ್ತಲ ಗೋಡೆಗೆ ಹೋದರೆ, ಉಳಿದರ್ಧ ಮಧ್ಯದ ಈ ಒಂದೇ ತೊಲೆಯ ಮೇಲೆ. ಮಳೆಯಲ್ಲಿ ನೆನೆದರೆ ಇನ್ನೂ ಹೆಚ್ಚು.

ಊರಿನ ಹಳೆಯ ಬಡಿಗೇರ ಕಾಕಾ ಕೆಲಸ ಬಿಟ್ಟು ನಾಲ್ಕೈದು ವರ್ಷವಾಗಿತ್ತು. ಈಗ ಬಾಗಿಲು, ಕಿಟಕಿ, ಮಂಚ ಎಲ್ಲ ತಯಾರಾಗಿಯೇ ಬರುವುದರಿಂದ ಮಗ ಬೇರೆ ಕಸುಬು ಹಿಡಿದಿದ್ದ. ಆದರೂ ಅಮ್ಮಿ ಹೇಳಿ ಕಳುಹಿಸಿದ್ದಕ್ಕೆ ಬಂದರು. ಏಣಿ ಹತ್ತಿ ಕೈಬೆರಳಿನ ಗೆಣ್ಣಿನಿಂದ ತೊಲೆಯನ್ನು ಗೋಡೆಯ ಕಡೆಯಿಂದ ಬಡಿಯುತ್ತಾ ಬಂದರು. ಮೊದಲು ಡಬ್ಬಿಯ ಸದ್ದು ಬಂತು. ಸ್ವಲ್ಪ ಈಚೆಗೆ ಬಂದಂತೆ ಸದ್ದು ಗಟ್ಟಿಯಾಯಿತು. ಸ್ಕ್ರೂಡ್ರೈವರ್ ಚುಚ್ಚಿ ನೋಡಿದರು. ಗೋಡೆಯ ಹತ್ತಿರ ಹಿಡಿಯವರೆಗೂ ಹೊಕ್ಕಿತು. ಒಂದಡಿ ಈಚೆಗೆ ತುದಿ ಮಾತ್ರ ನಾಟಿತು.

"ತೊಲಿ ಗಟ್ಟಿ ಐತ್ರಿ ಅಕ್ಕಾರ, ತುದಿ ಅಷ್ಟ ಹೋಗೇತಿ" ಎಂದರು.

ಆಗಲೇ ಅವರು ಹೇಳಿದ ಒಂದು ಮಾತು ನಮ್ಮಂಥವರಿಗೆ ಉಪಯೋಗಕ್ಕೆ ಬರುವಂಥದು. ತೊಲೆಯ ಕೆಳಗೆ ಗೋಧಿಹಿಟ್ಟಿನಂಥ ನುಣ್ಣನೆಯ ಪುಡಿ ಬಿದ್ದು, ಮೈಮೇಲೆ ಸೂಜಿ ಚುಚ್ಚಿದಂಥ ತೂತುಗಳಿದ್ದರೆ ಅದು ಕುಟ್ಟೆ ಹುಳು. ಮಣ್ಣಿನ ಗೆರೆ ಕಂಡರೆ ಗೆದ್ದಲು. ಕಪ್ಪಾಗಿ ಮೆತ್ತಗಾಗಿದ್ದರೆ ನೀರಿನಿಂದಾದ ಕೊಳೆತ. ಔಷಧಿ ಹಾಕಬೇಕಾದದ್ದು ಮೊದಲಿನೆರಡಕ್ಕೆ. ಮೂರನೆಯದಕ್ಕೆ ನೀರು ನಿಲ್ಲಿಸುವುದೇ ಔಷಧಿ. ನಮ್ಮದಕ್ಕೆ ನೀರೂ ಇತ್ತು, ಗೆದ್ದಲೂ ಇತ್ತು.

ತೊಲೆ ಮತ್ತಿ ಮರದ್ದು. ಗೋಡೆಯಿಂದ ಗೋಡೆಗೆ 15 ಅಡಿ, ಎರಡೂ ಕಡೆ ಗೋಡೆಯೊಳಗೆ 9 ಇಂಚು. ಒಟ್ಟು 16 ಅಡಿ 6 ಇಂಚು. ಎತ್ತರ 8 ಇಂಚು. ಅಷ್ಟುದ್ದದ, ಅಷ್ಟು ದಪ್ಪದ ನೇರವಾದ ಮರ ಈಗ ರಾಣೆಬೆನ್ನೂರಿನ ಸಾಮಿಲ್ಲಿನಲ್ಲಿ ಕೇಳಿದರೆ ನಗುತ್ತಾರೆ. ನಮ್ಮ ಸುತ್ತ ಮುತ್ತ ಧಾರಾಳವಾಗಿ ಸಿಗುವುದು ನೀಲಗಿರಿ. ಅದು ಒಣಗುವಾಗ ತಿರುಚಿಕೊಂಡು ಸೀಳುವ ಮರ. ಹಿತ್ತಲಲ್ಲಿ ಬಿದ್ದುಹೋದ ದನದ ಮನೆಯಿಂದ ತೆಗೆದಿಟ್ಟ ಅಜ್ಜನ ಕಾಲದ ಸಾಗವಾನಿ ತುಂಡೊಂದಿತ್ತು. ಅಳೆದರೆ ಸರಿಯಾಗಿ 8 ಅಡಿ. ಇದ್ದದ್ದು ಅಷ್ಟೇ.

ಕಾಕಾ ಕೆಳಗಿಳಿದು ಬಂದು, ಕಿವಿಯ ಮೇಲಿನ ಪೆನ್ಸಿಲ್ ತೆಗೆದು ಗೋಡೆಯ ಮೇಲೆ ಬರೆದರು. ಕೊಳೆತದ್ದು ಒಂದೂ ಮುಕ್ಕಾಲು ಅಡಿ. ಗಟ್ಟಿ ಮರ ಸಿಗುವವರೆಗೆ ಇನ್ನೂ ಮುಕ್ಕಾಲು ಅಡಿ ಸೇರಿಸಿ ಕೊಯ್ಯಬೇಕು. ಹೋದದ್ದು ಎರಡೂವರೆ ಅಡಿ, ಉಳಿದದ್ದು 14 ಅಡಿ. ಬಳಿಕ ನನ್ನ ಏಳನೇ ತರಗತಿಯ ಮಗನ ಕಡೆ ತಿರುಗಿ ಕೇಳಿದರು: "ಹೇಳಪಾ ಸಾಲಿ ಹುಡುಗ, ಹೊಸಾ ತುಂಡು ಎಷ್ಟು ಉದ್ದ ಬೇಕು?"

"ಎರಡೂವರೆ ಅಡಿ" ಎಂದ ಅವನು, ಯೋಚನೆಯನ್ನೂ ಮಾಡದೆ.

ನಾನೂ ಹಾಗೇ ಅಂದುಕೊಂಡಿದ್ದೆ. ಮೂಲೆಯಲ್ಲಿ ಕೌದಿ ಹೊಲಿಯುತ್ತಿದ್ದ ಅಮ್ಮಿ ಸೂಜಿಯಿಂದ ಕಣ್ಣು ತೆಗೆಯದೆ, "ಹೊಲಿಗಿಗೆ ಬಟ್ಟಿ ಬಿಡೂದಿಲ್ಲೇನು?" ಎಂದರು.

ಕಾಕಾ ಮುಖ ಅರಳಿತು. ಮಗನ ಲೆಕ್ಕ ತಪ್ಪಿದ್ದು ಅಲ್ಲಿಯೇ. ಎರಡು ಬಟ್ಟೆ ಕೂಡಿಸಿ ಹೊಲಿದರೆ ಉದ್ದ ಕೂಡುವುದಿಲ್ಲ, ಹೊಲಿಗೆಯ ಅಂಚಿನಷ್ಟು ಕಡಿಮೆಯಾಗುತ್ತದೆ. ಕಟ್ಟಿಗೆಗೂ ಅದೇ. ಒಂದರ ಮೇಲೊಂದು ಎಷ್ಟು ಹತ್ತಿಸುತ್ತೇವೋ ಅಷ್ಟು ಉದ್ದ ಮುಳುಗಿಹೋಗುತ್ತದೆ. ಕಾಕಾನ ಲೆಕ್ಕದಲ್ಲಿ ತೊಲೆಯ ಎತ್ತರದ ಮೂರು ಪಟ್ಟಾದರೂ ಹತ್ತಿಸಬೇಕು. 8 ಇಂಚಿಗೆ 24 ಇಂಚು, ಅಂದರೆ 2 ಅಡಿ. ಹೊಸ ತುಂಡು ಎರಡೂವರೆಯಲ್ಲ, ನಾಲ್ಕೂವರೆ ಅಡಿ ಬೇಕು. 14 ಮತ್ತು ನಾಲ್ಕೂವರೆ ಕೂಡಿಸಿ 2 ಕಳೆದರೆ ಹದಿನಾರೂವರೆ. ಸರಿಹೋಯಿತು.

ಮಕ್ಕಳಿಗೆ ಕೇಳಲು ಇದು ಒಳ್ಳೆಯ ಒಗಟು. 7, 6 ಮತ್ತು ಐದೂವರೆ ಅಡಿಯ ಮೂರು ತುಂಡುಗಳಿವೆ, ಒಂದೊಂದು ಜೋಡಿಗೆ ಒಂದೂವರೆ ಅಡಿ ಹತ್ತಿಸಬೇಕು, 16 ಅಡಿಯ ತೊಲೆ ಆಗುತ್ತದೆಯೇ? ಅರ್ಧ ಮಕ್ಕಳು ಹದಿನೆಂಟೂವರೆ ಬರುತ್ತದೆ, ಆಗುತ್ತದೆ ಎನ್ನುತ್ತಾರೆ. ಇನ್ನುಳಿದವರು ಮೂರು ತುಂಡಿಗೆ ಮೂರು ಜೋಡು ಎಂದು ನಾಲ್ಕೂವರೆ ಕಳೆಯುತ್ತಾರೆ. ಮೂರು ತುಂಡಿಗೆ ಇರುವುದು ಎರಡೇ ಜೋಡು. ಬರುವುದು ಹದಿನೈದೂವರೆ ಅಡಿ. ಅರ್ಧ ಅಡಿ ಸಾಲದು.

ಉದ್ದದ ಲೆಕ್ಕ ಮುಗಿಯಿತು. ನಿಜವಾದ ಕಷ್ಟ ಶುರುವಾದದ್ದು ಆಮೇಲೆ. ಕೂಡಿಸಿದ ಜಾಗ ಎರಡೂವರೆ ಟನ್ ಹೊರಬೇಕಲ್ಲ?

ಕಟ್ಟಿಗೆಯೆಂದರೆ ಸಾವಿರಾರು ಸಣ್ಣ ಕೊಳವೆಗಳನ್ನು ಉದ್ದಕ್ಕೆ ಜೋಡಿಸಿ ಕಟ್ಟಿದ ಕಟ್ಟು. ಬದಿಗೆ ಬದಿ ಹಚ್ಚಿ ಅಂಟು ಹಾಕಿದರೆ ಬಂದೋಬಸ್ತಾಗಿ ಹಿಡಿಯುತ್ತದೆ. ಕೊಯ್ದ ತುದಿಗೆ ತುದಿ ಹಚ್ಚಿದರೆ ಅಂಟನ್ನು ಕೊಳವೆಗಳು ಹೀರಿಕೊಳ್ಳುತ್ತವೆ, ಹಿಡಿತ ಬರುವುದಿಲ್ಲ. ಆದ್ದರಿಂದ ತುದಿಯನ್ನು ಓರೆಯಾಗಿ ಕೊಯ್ದು ಬದಿಯ ಮೈ ಹೆಚ್ಚು ಸಿಗುವಂತೆ ಮಾಡುತ್ತಾರೆ. ಹೊಲಿಗೆ ಬಲ್ಲ ಸಹೋದರಿಯರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಕೊರಳಿಗೆ ಪೈಪಿಂಗ್ ಇಡುವಾಗ ಪಟ್ಟಿಗಳನ್ನು ನೇರವಾಗಿ ಕೂಡಿಸದೆ ಓರೆಯಾಗಿ ಕೂಡಿಸುತ್ತೇವೆ. ಗಂಟು ಒಂದೇ ಕಡೆ ನಿಲ್ಲದೆ ಹಂಚಿಹೋಗುತ್ತದೆ. ಅಂಟು ಹಾಕಿ ಕೂಡಿಸುವ ಕಟ್ಟಿಗೆಗೆ ಒಂದು ಇಂಚು ದಪ್ಪಕ್ಕೆ 8ರಿಂದ 12 ಇಂಚಿನವರೆಗೆ ಓರೆ ಬೇಕೆಂಬುದು ಮರದ ಕೆಲಸದಲ್ಲಿ ನಡೆದುಬಂದ ಲೆಕ್ಕ. ಹಾಗೆ ಮಾಡಿದರೆ ಇಡೀ ಮರದ ಬಲಕ್ಕೆ ಹತ್ತಿರ ಹತ್ತಿರ ಬಲ ಬರುತ್ತದೆ. ಪೀಠೋಪಕರಣದ ಅಂಗಡಿಯಲ್ಲಿ ರಬ್ಬರ್ ಮರದ ಹಲಗೆಗಳ ಮೇಲೆ ಬೆರಳುಗಳನ್ನು ಹೆಣೆದಂಥ ಗೆರೆ ನೋಡಿರುತ್ತೀರಿ. ಒಂದು ಉದ್ದ ಓರೆಯ ಬದಲು ಹತ್ತಾರು ಸಣ್ಣ ಓರೆಗಳನ್ನು ಅಕ್ಕಪಕ್ಕ ಇಟ್ಟು ಮರ ಉಳಿಸಿದ ಉಪಾಯವದು.

ಆದರೆ 8 ಇಂಚಿನ ತೊಲೆಗೆ ಹನ್ನೆರಡರ ಲೆಕ್ಕದಲ್ಲಿ ಓರೆ ಕೊಯ್ಯಲು ಹೋದರೆ 8 ಅಡಿ ಬೇಕು. ನಮ್ಮಲ್ಲಿದ್ದ ಇಡೀ ತುಂಡೇ ಹೊಲಿಗೆಯ ಅಂಚಿಗೆ ಖರ್ಚು! ಮೇಲಾಗಿ ಮಣ್ಣಿನ ಮಾಳಿಗೆಯ ಕೆಳಗೆ ನಿಂತು, ಏಣಿಯ ಮೇಲೆ, ಹಳೆಯ ಕಟ್ಟಿಗೆಗೆ ಅಂಟು ಹಚ್ಚುವ ಮಾತಲ್ಲ ಅದು. ಅಂಟಿಲ್ಲದ ಜೋಡಣೆ ಬಾಗುವ ಒತ್ತಡ ತಡೆಯುವುದರಲ್ಲಿ ಬಲು ದುರ್ಬಲ. ತೊಲೆ ಬಾಗಿದಾಗ ಮೇಲ್ಮೈ ಅದುಮಿಕೊಳ್ಳುತ್ತದೆ, ಕೆಳಮೈ ಎಳೆದುಕೊಳ್ಳುತ್ತದೆ. ಎಳೆದಾಗ ಜೋಡು ಬಾಯಿ ಬಿಡುತ್ತದೆ.

ಹಾಗಾದರೆ ಉಪಾಯ? ಜೋಡನ್ನು ಗಟ್ಟಿ ಮಾಡುವುದಕ್ಕಿಂತ ಮೊದಲು ಅದು ಎಲ್ಲಿ ಬೀಳುತ್ತದೆಂದು ನೋಡುವುದು. ಎರಡು ಕಡೆ ಆಸರೆಯಿರುವ ತೊಲೆಯ ನಡುಮಧ್ಯದಲ್ಲಿ ಬಾಗುವ ಒತ್ತಡ ನೂರು ಎಂದಿಟ್ಟುಕೊಂಡರೆ, ಕಾಲು ಭಾಗ ದೂರದಲ್ಲಿ ಅದು ಎಪ್ಪತ್ತೈದು, ಗೋಡೆಯ ಹತ್ತಿರ ಸೊನ್ನೆ. ನಮ್ಮ ಜೋಡು ಗೋಡೆಯಿಂದ ಒಂದೂ ಮುಕ್ಕಾಲು ಅಡಿಗೆ ಶುರುವಾಗಿ ಮೂರೂ ಮುಕ್ಕಾಲು ಅಡಿಗೆ ಮುಗಿಯುತ್ತಿತ್ತು. ಅದರ ನಡುವೆ ಒತ್ತಡ ಅರವತ್ತರಷ್ಟು. ಮಧ್ಯಕ್ಕಿಂತ ವಾಸಿ, ಆದರೂ ಅಂಟಿಲ್ಲದ ಜೋಡಿಗೆ ಹೆಚ್ಚೇ. "ಜೋಡಿನ ಕೆಳಗ ಕಂಬ ಕೊಡಬೇಕ್ರಿ" ಎಂದರು ಕಾಕಾ.

ಅಮ್ಮಿಗೆ ಇದು ಹಿಡಿಸಲಿಲ್ಲ. ಗೋಡೆಯಿಂದ ಮೂರಡಿ ಈಚೆಗೆ, ಓಡಾಡುವ ಜಾಗದಲ್ಲಿ ಕಂಬ! ಒಂದಿಡೀ ಮಧ್ಯಾಹ್ನ ಇಬ್ಬರಿಗೂ ಇದರ ಮೇಲೆಯೇ ಮಾತು ನಡೆಯಿತು. ಕೊನೆಗೆ ಅಮ್ಮಿಯನ್ನು ಒಪ್ಪಿಸಿದ್ದು ಕಾಕಾನ ಮಾತಲ್ಲ, ನನ್ನ ಮಗ ಪಟ್ಟಿಯಲ್ಲಿ ಹಾಕಿ ತೋರಿಸಿದ ಒಂದು ಲೆಕ್ಕ. ಕಂಬ ಬಂದರೆ ಹಳೆಯ ತೊಲೆ 15 ಅಡಿ ದಾಟಬೇಕಿಲ್ಲ, ಹನ್ನೆರಡೂಕಾಲು ಅಡಿ ದಾಟಿದರೆ ಸಾಕು. ಬಾಗುವ ಒತ್ತಡ ಉದ್ದದ ವರ್ಗದಂತೆ ಕಡಿಮೆಯಾಗುವುದರಿಂದ, ಮೂರರಲ್ಲಿ ಒಂದು ಭಾಗ ಒತ್ತಡವೇ ಇಲ್ಲವಾಗುತ್ತದೆ. ಅಂದರೆ ಕೊಳೆತ ತುದಿಯಿಂದಾಗಿ ಉಳಿದ ಗಟ್ಟಿ ತೊಲೆಗೂ ಆರಾಮ ಸಿಕ್ಕಂತಾಯಿತು.

ಕಂಬದ ತಲೆಯ ಮೇಲೆ ಬೋದಿಗೆ ಕೂರಿಸುವುದು ನಮ್ಮ ಹಳೆಯ ಮನೆಗಳ ವಾಡಿಕೆ. ತೋಳು ಚಾಚಿದಂತೆ ಎರಡೂ ಕಡೆ ಹೊರಬಂದ ಆ ಅಡ್ಡ ಮರವನ್ನು ಅಲಂಕಾರಕ್ಕೆ ಎಂದೇ ನಾನು ತಿಳಿದಿದ್ದೆ. ಅದರ ಕೆಲಸ ಬೇರೆ. ತೊಲೆಯನ್ನು ಅರ್ಧ ಎತ್ತರಕ್ಕೆ ಕೊಯ್ದು ಒಂದರ ಮೇಲೊಂದು ಕೂರಿಸಿದಾಗ, ಕೊಯ್ದ ಒಳಮೂಲೆಯಲ್ಲಿ ಮರ ಉದ್ದಕ್ಕೆ ಸೀಳಲು ಕಾದಿರುತ್ತದೆ. ಕಂಬದ ತಲೆ ಬರೀ ಆರಿಂಚು ಅಗಲವಿದ್ದು ಜೋಡಿನ ನಡುವೆ ಮಾತ್ರ ಆಸರೆ ಕೊಟ್ಟರೆ, ಅರ್ಧ ಎತ್ತರದ ನಾಲಗೆಯ ಮೇಲೆ ಭಾರ ಬಿದ್ದು ಆ ಮೂಲೆ ಬಿರಿಯುತ್ತದೆ. ಬೋದಿಗೆ ಜೋಡಿಗಿಂತ ಉದ್ದವಿದ್ದರೆ, ಎರಡೂ ಬದಿಯಲ್ಲಿ ಕೊಯ್ಯದ ಪೂರ್ತಿ ಎತ್ತರದ ಮರಕ್ಕೇ ಆಸರೆ ಸಿಗುತ್ತದೆ. ಜೋಡು 2 ಅಡಿ, ಬೋದಿಗೆ 3 ಅಡಿ. ಎರಡೂ ಕಡೆ ಅರ್ಧ ಅಡಿ ಹೆಚ್ಚು. ನನ್ನ ಮಟ್ಟಿಗೆ ಈ ಇಡೀ ಒಗಟಿನ ಬೀಗದ ಕೈ ಇದೇ.

ಈಗ ಆ 8 ಅಡಿಯ ಸಾಗವಾನಿಗೆ ಬನ್ನಿ. ನಾಲ್ಕೂವರೆ ಅಡಿ ತೊಲೆಗೆ, 3 ಅಡಿ ಬೋದಿಗೆಗೆ. ಗರಗಸ ತಿಂದದ್ದು ಬಿಟ್ಟು ಉಳಿದದ್ದು ಅರ್ಧ ಅಡಿಗೆ ತುಸು ಕಡಿಮೆ. ಅದರಲ್ಲಿ ಬೆಣೆಗಳು. ಮಗ ಮೊದಲು ಹೇಳಿದಂತೆ ಎರಡೂವರೆ ಅಡಿಗೆ ಗರಗಸ ಹಚ್ಚಿದ್ದರೆ, ಉಳಿದದ್ದರಿಂದ ಮತ್ತೆ ನಾಲ್ಕೂವರೆ ಅಡಿ ತೆಗೆದ ಮೇಲೆ ಬೋದಿಗೆಗೆ ಒಂದೇ ಅಡಿ ಇರುತ್ತಿತ್ತು. ಕಂಬಕ್ಕೆ ಮಾತ್ರ ಸಾಮಿಲ್ಲಿನಿಂದ ಮತ್ತಿ ತಂದೆವು. ಅದನ್ನು ನೆಲದಲ್ಲಿ ಹೂಳದೆ ಕಲ್ಲಿನ ಮೇಲೆ ನಿಲ್ಲಿಸಿದರು. ಬೆಂಗಳೂರಿನ ಕೋಟೆಯ ಬಳಿ, 1781ರಲ್ಲಿ ಹೈದರಲಿ ಶುರುಮಾಡಿ 1791ರಲ್ಲಿ ಟಿಪ್ಪು ಸುಲ್ತಾನ್ ಮುಗಿಸಿದ ಬೇಸಿಗೆ ಅರಮನೆಯನ್ನು ನೋಡಿದವರು ನೆನಪಿಸಿಕೊಳ್ಳಿ. ಅಲ್ಲಿನ ತೇಗದ ಕಂಬಗಳ ಬುಡಕ್ಕೂ ಕಲ್ಲಿನ ಪೀಠಗಳೇ. ಕಟ್ಟಿಗೆಗೆ ನೆಲದ ತೇವ ಮುಟ್ಟಬಾರದು.

ಇನ್ನೊಂದು ತೊಡಕಿತ್ತು. ಹೊಸ ತುಂಡಿನ ಒಂದು ತುದಿ ಗೋಡೆಯೊಳಗೆ ಹೋಗಬೇಕು, ಇನ್ನೊಂದು ತುದಿ ಹಳೆಯ ತೊಲೆಯೊಂದಿಗೆ ಕಚ್ಚಿಕೊಳ್ಳಬೇಕು. ಹಳೆಯ ತೊಲೆ ಒಂದಿಂಚೂ ಅಲುಗುವುದಿಲ್ಲ. ಕೊಕ್ಕೆಯಂತೆ ಕಚ್ಚುವ ಜೋಡನ್ನು ಜಾಗವೇ ಇಲ್ಲದ ಕಡೆ ಹೇಗೆ ತೂರಿಸುವುದು? ಕಾಕಾ ಮಾಡಿದ್ದಿಷ್ಟು. ಜೋಡಿನ ನಡುವೆ ಎರಡು ಮೆಟ್ಟಿಲುಗಳನ್ನು ಕೊಯ್ದು ಅವುಗಳ ಮಧ್ಯೆ ಒಂದಿಂಚಿನ ಸಂದು ಬಿಟ್ಟರು. ಆ ಸಂದಿನಿಂದಾಗಿ ತುಂಡನ್ನು ಹಿಂದೆ ಮುಂದೆ ಜರುಗಿಸಿ ಕೂರಿಸಲು ಆಸ್ಪದ ಸಿಕ್ಕಿತು. ಕೂತ ಮೇಲೆ ಸಂದಿಗೆ ಎರಡು ಬದಿಯಿಂದ ಎದುರುಬದುರಾಗಿ ಎರಡು ಬೆಣೆ. ಕೊಡತಿಯಿಂದ ಹೊಡೆದಂತೆಲ್ಲ ಎರಡೂ ತುಂಡಿನ ತುದಿಗಳು ಎದುರಿನ ಮೂಲೆಯೊಳಗೆ ಒತ್ತಿಕೊಂಡು ಕೂತವು. ಕೊನೆಯ ಏಟಿಗೆ ಸದ್ದು ಬದಲಾಯಿತು. ಡಬ್ಬಿಯ ಸದ್ದು ಹೋಗಿ ಕಲ್ಲು ಬಡಿದ ಸದ್ದು.

ಆದರೆ ಆ ಕೊನೆಯ ಏಟಿಗೆ ಬರುವ ಮೊದಲು ಮೂರು ದಿನ ಬೇಕಾಯಿತು. ಮೊದಲ ದಿನ ಮಾಳಿಗೆಯ ಮೇಲಿನ ಮಣ್ಣನ್ನು ಬುಟ್ಟಿಯಲ್ಲಿ ಇಳಿಸಿ ಭಾರ ಕಡಿಮೆ ಮಾಡಿದೆವು. ಓಣಿಯ ಹೆಂಗಸರು, ಹುಡುಗರು ಕರೆಯದೆ ಬಂದು ಬುಟ್ಟಿ ಕೈಗೆ ಕೈ ದಾಟಿಸಿದರು. ಆಮೇಲೆ ತೊಲೆಯ ಕೆಳಗೆ ಮೂರು ಕಡೆ ಆಸರೆ ಕಂಬ ನಿಲ್ಲಿಸಿ, ಕೆಳಗೆ ಲಾರಿಯ ಜಾಕಿ ಇಟ್ಟು ಒಂದು ನೂಲಿನಷ್ಟು ಮಾತ್ರ ಎತ್ತಿದರು. ಹೆಚ್ಚು ಎತ್ತಿದರೆ ಜಂತಿಗಳು ಮಿಸುಕಿ ಗೋಡೆ ಬಿರಿಯುತ್ತದಂತೆ. ಆ ಮೂರು ರಾತ್ರಿ ಅಮ್ಮಿ ಪಕ್ಕದ ಮನೆಯಲ್ಲಿ ಮಲಗಿದರು. ಮಲಗಿದರು ಎನ್ನುವುದಕ್ಕಿಂತ ಕೂತಿದ್ದರು ಎನ್ನಬೇಕು.

ಎರಡನೆಯ ದಿನ ಮಧ್ಯಾಹ್ನ ಊಟದ ಹೊತ್ತಿನಲ್ಲಿ ಮಗ ಮೊಬೈಲಿನಲ್ಲಿ ಕಾಕಾನಿಗೆ ಒಂದು ವಿಡಿಯೋ ತೋರಿಸಿದ. ಜಪಾನಿನ ಒಸಾಕಾ ಕೋಟೆಯ ಹೆಬ್ಬಾಗಿಲಿನದು. ಅಲ್ಲಿಯೂ ನಮ್ಮದೇ ಕಥೆ. ಬಾಗಿಲಿಗೆ ಆಸರೆ ಕೊಡುವ ಕಂಬದ ಬುಡ ಕೊಳೆತಿತ್ತು. ಯಾರೋ ಬಡಿಗರು ಬುಡ ಕತ್ತರಿಸಿ ಹೊಸ ಮರ ಕೂಡಿಸಿದ್ದರು. ಹೇಗೆ ಕೂಡಿಸಿದರೆಂಬುದು ಎಷ್ಟೋ ಕಾಲ ಯಾರಿಗೂ ಬಗೆಹರಿಯಲಿಲ್ಲ. ಕಂಬದ ಎದುರುಬದುರಿನ ಎರಡು ಮುಖಗಳಲ್ಲಿ ಪಾರಿವಾಳದ ಬಾಲದಂಥ ಆಕಾರ, ಮೇಲೆ ಅಗಲ, ಕೆಳಗೆ ಕಿರಿದು. ಹಾಗಿದ್ದರೆ ಮೇಲಿನಿಂದ ಕೆಳಗೆ ಇಳಿಸಿ ಕೂಡಿಸುವಂತಿಲ್ಲ, ಬದಿಯಿಂದ ಸರಿಸಬೇಕು. ಇನ್ನೆರಡು ಮುಖಗಳಲ್ಲಿ ಬೆಟ್ಟದ ಶಿಖರದಂಥ ಆಕಾರ. ಹಾಗಿದ್ದರೆ ಬದಿಯಿಂದಲೂ ಸರಿಸುವಂತಿಲ್ಲ! 1980ರ ದಶಕದಲ್ಲಿ ಕಂಬಕ್ಕೆ ಎಕ್ಸ್-ರೇ ಹಿಡಿದು ನೋಡಿದಾಗಲೇ ಗುಟ್ಟು ಹೊರಬಿತ್ತು. ಮೇಲಿನಿಂದಲೂ ಅಲ್ಲ, ಬದಿಯಿಂದಲೂ ಅಲ್ಲ, ಎರಡರ ನಡುವೆ ಓರೆಯಾಗಿ ಜಾರಿಸಿ ಕೂರಿಸಿದ್ದರು. ಒಳಗಿನ ಮೈಗಳೆಲ್ಲ ಆ ಓರೆಗೆ ತಕ್ಕಂತೆ ಇಳಿಜಾರಾಗಿದ್ದವು.

ಕಾಕಾ ರೊಟ್ಟಿ ಕೈಯಲ್ಲಿ ಹಿಡಿದೇ ನಾಲ್ಕು ಸಲ ನೋಡಿದರು. ಆಮೇಲೆ ಅಮ್ಮಿಯ ಬಳಿ ಎರಡು ದಪ್ಪನೆಯ ಗಜ್ಜರಿ ಕೇಳಿ ತೆಗೆದುಕೊಂಡು, ಚಾಕುವಿನಿಂದ ಅದರ ಚಿಕ್ಕ ತಮ್ಮನೊಂದನ್ನು ಮಾಡಿ ತೋರಿಸಿದರು. ನಾಲ್ಕು ಮುಖಗಳಲ್ಲೂ ಪಾರಿವಾಳದ ಬಾಲ ಕಾಣುತ್ತದೆ, ಬಿಚ್ಚುವುದು ಹೇಗೆಂದು ತಿಳಿಯುವುದಿಲ್ಲ. ಗುಟ್ಟು ಇಷ್ಟೇ: ಒಳಗಿರುವ ಎರಡು ದಿಂಡುಗಳು ಮುಖದಿಂದ ಮುಖಕ್ಕೆ ಹೋಗದೆ, ಒಂದಕ್ಕೊಂದು ಸಮನಾಗಿ ಕರ್ಣದ ದಿಕ್ಕಿನಲ್ಲಿ ಹೋಗುತ್ತವೆ. ಮೂಲೆಯಿಂದ ಮೂಲೆಗೆ ಒತ್ತಿದರೆ ಜಾರಿಕೊಂಡು ಹೊರಗೆ. ಮಕ್ಕಳಿಗೆ ಸೋಪಿನಲ್ಲಿ ಮಾಡಿ ಕೊಡಬಹುದು. ನಮ್ಮ ಗಜ್ಜರಿ ಸಂಜೆಯ ಪಲ್ಯಕ್ಕೆ ಹೋಯಿತು.

"ಅಂಟೂ ಇಲ್ಲ, ಮೊಳೀನೂ ಇಲ್ಲ" ಎಂದು ಮಗ ಹೊಗಳಿದಾಗ ಅಮ್ಮಿ ಮಸ್ಜಿದುಲ್ ಅಕ್ಸಾದ ಮಿಂಬರಿನ ಸುದ್ದಿ ತೆಗೆದರು. ಅಬ್ಬಾ ಓದಿ ಹೇಳಿದ್ದರಂತೆ. ಸುಲ್ತಾನ್ ನೂರುದ್ದೀನರು ಹನ್ನೆರಡನೇ ಶತಮಾನದಲ್ಲಿ ಅಲೆಪ್ಪೊದಲ್ಲಿ ಮಾಡಿಸಿದ, 1187ರಲ್ಲಿ ಸಲಾಹುದ್ದೀನ್ ಅಯ್ಯೂಬಿಯವರು ಜೆರುಸಲೇಮಿಗೆ ತಂದಿರಿಸಿದ ಆ ಮಿಂಬರು ಸಾವಿರಾರು ಮರದ ತುಂಡುಗಳನ್ನು ಒಂದಕ್ಕೊಂದು ಕಚ್ಚಿಸಿ ಮಾಡಿದ್ದು. 1969ರ ಆಗಸ್ಟ್ 21ರಂದು ಬೆಂಕಿಗೆ ಸುಟ್ಟುಹೋಯಿತು. ಮತ್ತೆ ಮಾಡಹೊರಟಾಗ ಹಳೆಯ ನಕ್ಷೆ ಯಾವುದೂ ಇರಲಿಲ್ಲ. ಉಳಿದ ತುಣುಕು, ಹಳೆಯ ಚಿತ್ರಗಳಿಂದ ಅದರ ರೇಖಾಗಣಿತವನ್ನು ಬಿಡಿಸಿ, ಜೋರ್ಡಾನಿನಲ್ಲಿ ಹಲವು ದೇಶಗಳ ಕುಶಲಕರ್ಮಿಗಳು ವರ್ಷಗಟ್ಟಲೆ ಕೂತು ಮಾಡಿದ ಹೊಸ ಮಿಂಬರನ್ನು 2007ರಲ್ಲಿ ಇರಿಸಲಾಯಿತು. ಅಂಟು, ಮೊಳೆ ಬೇಡವೆಂದದ್ದು ಚಂದಕ್ಕೆ ಮಾತ್ರವಲ್ಲ. ಕಟ್ಟಿಗೆ ಮಳೆಗಾಲದಲ್ಲಿ ಉಬ್ಬುತ್ತದೆ, ಬೇಸಿಗೆಯಲ್ಲಿ ಕುಗ್ಗುತ್ತದೆ. ಬಿಗಿಯಾಗಿ ಕಟ್ಟಿಹಾಕಿದರೆ ಸೀಳುತ್ತದೆ. ಕಚ್ಚಿಕೊಂಡ ತುಂಡುಗಳಿಗೆ ಉಸಿರಾಡಲು ಜಾಗವಿರುತ್ತದೆ.

ಇಷ್ಟೆಲ್ಲ ಹೇಳಿದ ಮೇಲೆ ಒಂದು ಮಾತು ಬಚ್ಚಿಡುವುದು ಸರಿಯಲ್ಲ. ನಮ್ಮ ತೊಲೆಗೆ ಕಾಕಾ ಬೆಣೆ ಹೊಡೆದ ಮೇಲೆ ಎರಡು ಕಬ್ಬಿಣದ ಬೋಲ್ಟನ್ನೂ ಹಾಕಿದರು. ಮಗನಿಗೆ ನಿರಾಸೆಯಾಯಿತು, ಜಪಾನಿನವರ ಹಾಗೆ ಬರೀ ಕಟ್ಟಿಗೆಯಲ್ಲೇ ಮುಗಿಯಬೇಕಿತ್ತು ಎಂದು. "ತಮ್ಮಾ, ಕೆಳಗ ಮಲಗಾಕಿ ನಿಮ್ಮ ಅಜ್ಜಿ ಅದಾಳ" ಎಂದರು ಕಾಕಾ. ನನಗಂತೂ ಆ ಬೋಲ್ಟುಗಳನ್ನು ಕಂಡಾಗಲೇ ಸರಿಯಾಗಿ ನಿದ್ದೆ ಬಂದದ್ದು.

ಗೋಡೆಯೊಳಗಿನ ತುದಿಗೆ ಅಡಿಯಲ್ಲಿ ಚಪ್ಪಟೆ ಕಲ್ಲಿಟ್ಟು, ಸುತ್ತ ಒಂದಿಂಚು ಗಾಳಿಯಾಡಲು ಬಿಟ್ಟರು. ಮೊದಲು ಅಲ್ಲಿ ಹಸಿ ಮಣ್ಣು ಮೆತ್ತಿ ಮುಚ್ಚಿದ್ದೇ ತೇವ ಹಿಡಿಯಲು ದಾರಿಯಾಗಿತ್ತು. ಮಾಳಿಗೆಯ ಕೊಳವೆ ಬದಲಿಸಿದೆವು. ಮಣ್ಣು ಮರಳಿ ಏರಿಸಿ, ಕರಲು ಹಾಕಿ ಮುಗಿಸುವಾಗ ಮಿರಗದ ಮೊದಲ ಹನಿ ಬಿದ್ದಿತು. ಖರ್ಚಿನ ಬಹುಪಾಲು ಮಣ್ಣಿನ ಕೆಲಸಕ್ಕೇ ಹೋಯಿತು. ಗುತ್ತಿಗೆದಾರರು ಹೇಳಿದ್ದರ ಹತ್ತರಲ್ಲೊಂದು ಪಾಲೂ ಆಗಲಿಲ್ಲ. ಅಣ್ಣ ಒಮ್ಮೆಲೇ ಕಳುಹಿಸಿದ.

ಎಲ್ಲ ಹಳೆಯ ಮನೆಗೂ ಇದೇ ಪರಿಹಾರವೆಂದು ದಯವಿಟ್ಟು ತಿಳಿಯಬೇಡಿ. ಗೋಡೆ ಹೊಟ್ಟೆ ಬಂದಿದ್ದರೆ, ತೊಲೆಯ ನಡುಭಾಗವೇ ಟೊಳ್ಳಾಗಿದ್ದರೆ, ಜಂತಿಗಳು ಸಾಲಾಗಿ ಬಾಗಿದ್ದರೆ ಜೋಡಣೆಯ ಮಾತು ಬಿಟ್ಟು ಮೊದಲು ಆ ಕೋಣೆಯಿಂದ ಹೊರಬರಬೇಕು. ಮಳೆ ಹಿಡಿದ ಮೇಲೆ ಇಂಥ ಕೆಲಸಕ್ಕೆ ಕೈ ಹಾಕಲೇಬಾರದು. ಗಂಡಸರು ದೂರದೂರಿನಲ್ಲಿರುವ ಮನೆಗಳಲ್ಲಿ ಇದನ್ನೆಲ್ಲ ನೋಡಿಕೊಳ್ಳುವವರು ನಾವೇ. ಏಪ್ರಿಲ್ ತಿಂಗಳಲ್ಲಿ ಒಂದು ದಿನ ಏಣಿ ಹಾಕಿ, ತೊಲೆಗಳ ತುದಿಗಳನ್ನು ಬೆರಳಿನಿಂದ ಬಡಿದು ಸದ್ದು ಕೇಳುವುದಕ್ಕೆ ಯಾರ ಅಪ್ಪಣೆಯೂ ಬೇಕಿಲ್ಲ.

ಕಂಬ ಬೇಡವೆಂದಿದ್ದ ಅಮ್ಮಿ, ಈಗ ಕಂಬಕ್ಕೂ ಗೋಡೆಗೂ ನಡುವಿನ ಜಾಗದಲ್ಲಿ ತಮ್ಮ ಹೊಲಿಗೆ ಮಷಿನ್ ಇಟ್ಟುಕೊಂಡಿದ್ದಾರೆ. ಕಂಬಕ್ಕೊಂದು ಮೊಳೆ ಹೊಡೆದು ಟೇಪು ನೇತುಹಾಕಿದ್ದಾರೆ. ಜಾನಮಾಝ್ ಮೊದಲಿನ ಮೂಲೆಗೇ ಮರಳಿದೆ. ಕಳೆದ ಸಲ ಹೋದಾಗ ಅಡುಗೆಮನೆಯ ತೊಲೆಯ ಕೆಳಗಿನ ಗೋಡೆಯಲ್ಲಿ ಪೆನ್ಸಿಲಿನ ಹೊಸ ಬರಹ ಕಂಡೆ. 11 ಅಡಿ, ಅದರ ಕೆಳಗೆ 2 ಅಡಿ 1 ಇಂಚು, ಅದರ ಕೆಳಗೆ ಗೆರೆ. ಕಾಕಾ ಬಂದು ಹೋಗಿದ್ದಾರೆ. ಉತ್ತರದ ಜಾಗ ಖಾಲಿ ಇದೆ. ಈ ಸಲ ಹಿತ್ತಲಲ್ಲಿ ಸಾಗವಾನಿ ಇಲ್ಲ.